ನಮ್ಮ ಮನೆಯಲ್ಲಿ ರೈಟ್ ಅಂದರೆ ಹೋಗು

ನಮ್ಮ ಮಾವ ಸರ್ಕಾರಿ ಬಸ್ಸಿಗೆ ಡ್ರೈವರ್ ಕಮ್ ಕಂಡಕ್ಟರ್ ಆಗಿ ಸೇರಿ, ನಿವೃತ್ತಿಯವರೆಗೂ ಹೆಚ್ಚುಕಮ್ಮಿ ಕಂಡಕ್ಟರ್ ಆಗಿಯೇ ಉಳಿದವರು. ನಂಜನಗೂಡಿನ ನಮ್ಮ ಮನೆಯೂ ಅವರಿಗೆ ಒಂದು ಬಸ್ಸೇ. ಹಾಲು ಉಕ್ಕಿ ಬಂದರೆ ಹೋಲ್ಡಾನ್, ಅಂದರೆ ನಿಲ್ಲಿಸು. ನಾನು ಬ್ಯಾಗು ಹೆಗಲಿಗೇರಿಸಿ ಕೆಲಸಕ್ಕೆ ಹೊರಟರೆ ರೈಟ್. ಹೊತ್ತಾಗಿದ್ದರೆ ರೈಟ್ ರೈಟ್, ಅಂದರೆ ಬೇಗ ಬೇಗ. ಮದುವೆಯಾದ ಲಾಗಾಯ್ತು ಇದನ್ನು ಕೇಳಿ ಕೇಳಿ, ಆ ಪದಕ್ಕೆ ಬಲಗಡೆ ಎಂಬ ಅರ್ಥ ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಅದರಿಂದ ಎಂಥ ಎಡವಟ್ಟಾದೀತು ಎಂಬುದು ಕಾರು ಕಲಿಯಲು ಹೋದಾಗಲೇ ತಿಳಿದದ್ದು.

ಕಾರು ಕಲಿಯುವ ಆಸೆ ನನಗೆ ಯಾವತ್ತೂ ಇರಲಿಲ್ಲ. ನಾನು ಟಿ. ನರಸೀಪುರದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮ ಯಜಮಾನರು ತರಕಾರಿ ಬೀಜದ ಪೊಟ್ಟಣಗಳನ್ನು ಎರಡೂ ತಾಲ್ಲೂಕಿನ ಅಂಗಡಿಗಳಿಗೆ ಹಾಕಿ ಬರುವವರು. ಬೆಳಗ್ಗೆ ಕಾರಿನಲ್ಲಿ ನನ್ನನ್ನು ಆಸ್ಪತ್ರೆಗೆ ಬಿಟ್ಟು ಅಂಗಡಿ ಸುತ್ತಲು ಹೋಗುವರು, ಸಂಜೆ ಕರೆದುಕೊಂಡು ಬರುವರು. ನಾನು ಎಡಗಡೆ ಸೀಟಿನಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಬರುತ್ತಿದ್ದೆ. ಒಂದು ಭಾನುವಾರ ಗಡ್ಡ ಹೆರೆದುಕೊಳ್ಳುತ್ತಿದ್ದವರು ನಿಂತಲ್ಲೇ ಬಿದ್ದರು. ಫಿಟ್ಸ್. ಮೈಸೂರಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ನಾನು ಹೇಳೋವರೆಗೂ ಸ್ಟೇರಿಂಗ್ ಮುಟ್ಟಬೇಡಿ" ಎಂದರು. ಇವರು ಬಹಳ ವಿಧೇಯತೆಯಿಂದ ತಲೆಯಾಡಿಸಿದರು. ವಾಪಸು ಬರುವಾಗ ನನ್ನ ಕಡೆ ತಿರುಗಿ, "ಡಾಕ್ಟ್ರು ಎಲ್ರಿಗೂ ಅಂಗೇ ಹೇಳೋದು ಕಣೇ" ಎಂದರು.

ಈ ಮನುಷ್ಯ ಸುಮ್ಮನಿರುವವರಲ್ಲ. ಬೀಜದ ಡಬ್ಬಗಳನ್ನು ಬಸ್ಸಿನಲ್ಲಿ ಹೊತ್ತು ಹಳ್ಳಿ ಹಳ್ಳಿ ತಿರುಗಲು ಆಗುವುದಿಲ್ಲ. ಮಾವನಿಗೆ ಲೈಸೆನ್ಸ್ ಇದೆ, ಆದರೆ ಮಂಡಿ ನೋವು, ದಿನಾ ಓಡಿಸುವುದು ಅವರ ಕೈಲಾಗದು. ಯಾರೂ ಇಲ್ಲದಿದ್ದರೆ ಇವರೇ ಕೂರುತ್ತಾರೆ. ರಸ್ತೆಯಲ್ಲಿ ಫಿಟ್ಸ್ ಬಂದರೆ ಇವರೊಬ್ಬರೇ ಹೋಗುವುದಿಲ್ಲ, ಎದುರು ಬಂದವರನ್ನೂ ಕರೆದುಕೊಂಡು ಹೋಗುತ್ತಾರೆ. "ನಾನು ಕಲೀತೀನಿ, ಅಲ್ಲೀವರೆಗೂ ನೀವು ಮುಟ್ಟಕೂಡದು" ಎಂದೆ. ಸೈಕಲ್ಲೂ ಬಾರದ ನಲವತ್ತಮೂರು ವರ್ಷದ ಹೆಂಗಸಿನ ಬಾಯಲ್ಲಿ ಈ ಮಾತು ಕೇಳಿ ಇವರು ನಕ್ಕರು. "ಆಯ್ತು, ನೀನು ಪಾಸಾಗದಿದ್ರೆ ಮಾತ್ರ ನಾನೇ" ಎಂದು ಷರತ್ತು ಹಾಕಿದರು.

ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ಚು, ಗೇರು ಕಲಿತೆ. ರಸ್ತೆ ಕಲಿಸಿದ್ದು ಮಾವ. ಕಾರಿಗೆ ಎಲ್ ಬೋರ್ಡ್ ಅಂಟಿಸಿ ಬೆಳಗಿನ ಹೊತ್ತು ದೇವನೂರಿನ ಕಡೆ ಹೊರಡುತ್ತಿದ್ದೆವು. ಅವರ ಪಾಠ ಯಾವ ಪುಸ್ತಕದಲ್ಲೂ ಇರಲಾರದು. ಮುಂದೆ ಬಸ್ ನಿಂತಿದ್ದರೆ ಅದರ ಅಡಿ ನೋಡಬೇಕಂತೆ.

"ಬಸ್ ಕೆಳೀಕೆ ಕಾಲು ಕಾಣ್ತಾವ ನೋಡವ್ವ. ಇಳ್ದೋರು ಬಸ್ಸಿನ ಮುಂದಿಂದ್ಲೇ ದಾಟೋದು. ಎಷ್ಟು ಜನಕ್ಕೆ ಏಳಿದೀನಿ, ಒಬ್ರೂ ಕೇಳ್ನಿಲ್ಲ. ಅವ್ರು ಕೇಳಲ್ಲ, ನೀನೇ ನಿಲ್ಸು."

ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ ಅಂಟಿಕೊಂಡು ಹೋಗಬೇಡ, ಅದಕ್ಕೆ ಹಿಂದೆ ಲೈಟಿದ್ದರೂ ಕಬ್ಬಿನಲ್ಲಿ ಮುಚ್ಚಿಹೋಗಿರುತ್ತದೆ ಎನ್ನುವರು. ಲಾರಿಯವನು ಬಲಗಡೆ ದೀಪ ಮಿಟುಕಿಸಿದರೆ ನನಗೆ ದಾರಿ ಬಿಟ್ಟ ಅಂದುಕೊಳ್ಳಬೇಡ, ಅವನೇ ಬಲಕ್ಕೆ ತಿರುಗುತ್ತಿರಬಹುದು. ಸುಗ್ಗಿಯಲ್ಲಿ ಟಾರು ರಸ್ತೆಯ ಮೇಲೆ ಹುರುಳಿ ಹರಡಿರುತ್ತಾರಲ್ಲ, ಗಾಡಿಗಳೇ ತುಳಿದು ಒಕ್ಕಣೆ ಮಾಡಲಿ ಅಂತ, ಅದರ ಮೇಲೆ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ. ದೂರದಿಂದಲೇ ನಿಧಾನ ಮಾಡಬೇಕು. ಇದೆಲ್ಲ ಒಳ್ಳೆಯ ಪಾಠವೇ. ಆದರೆ ಪ್ರತಿ ಸಲ ಗಾಡಿ ನಿಂತು ಹೊರಡುವಾಗಲೂ ಮಾವ ಬಾಗಿಲನ್ನು ಎರಡು ಸಲ ತಟ್ಟಿ "ರೈಟ್" ಎನ್ನುತ್ತಿದ್ದರು. ನಾನು ಹೊರಡುತ್ತಿದ್ದೆ. ತಿರುಗಬೇಕಾದ ಕಡೆ ಕೈ ತೋರಿಸುತ್ತಿದ್ದರು. ಹಾಗಾಗಿ ನಮ್ಮಿಬ್ಬರಿಗೂ ಏನೂ ತೊಡಕಾಗಲಿಲ್ಲ.

ಟೆಸ್ಟಿನ ದಿನ ಬ್ರೇಕ್ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು, "ಸ್ಟಾರ್ಟ್ ಮಾಡಿ" ಎಂದರು. ಮಾಡಿದೆ. ಸುಣ್ಣದ ಗೆರೆಯ ನಡುವೆ ಅಚ್ಚುಕಟ್ಟಾಗಿ ಹೋಗುತ್ತಿದ್ದೆ. "ರೈಟ್" ಎಂದರು. ಭೇಷ್ ಎನ್ನುತ್ತಿದ್ದಾರೆ ಅಂದುಕೊಂಡು ನೆಟ್ಟಗೆ ಹೋದೆ.

"ರೈಟ್ ಅಮ್ಮ, ರೈಟ್!"

ಎರಡು ರೈಟ್ ಬಿದ್ದ ಮೇಲೆ ಕೇಳಬೇಕೆ? ಆಕ್ಸಿಲರೇಟರ್ ಒತ್ತಿದೆ. ಗಾಡಿ ಸುಣ್ಣದ ಗೆರೆ ದಾಟಿತು, ಗಡಿಯ ಗುರುತಿಗೆ ಇಟ್ಟಿದ್ದ ಹಳೇ ಟೈರು ಉರುಳಿತು. ಇನ್ಸ್‌ಪೆಕ್ಟರು ತಾವೇ ಹ್ಯಾಂಡ್ ಬ್ರೇಕ್ ಎಳೆದರು.

"ರೈಟ್ ಅಂದ್ನಲ್ಲಮ್ಮ?"

"ಹೋಗ್ತಾ ಇದೀನಲ್ಲ ಸಾರ್" ಎಂದೆ ನಾನು, ಸ್ವಲ್ಪ ಸಿಟ್ಟಿನಲ್ಲೇ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, "ಒಂದು ವಾರ ಬಿಟ್ಟು ಬನ್ನಿ" ಎಂದರು. ಹೊರಗೆ ಬೇಲಿಯ ಹತ್ತಿರ ನಿಂತಿದ್ದ ಮಾವನಿಗೆ ನಡೆದದ್ದು ಹೇಳಿ, ಮನಸ್ಸಿಗೆ ಬಂದಂತೆ ಬೈದೆ. ಹಿರಿಯರೆಂದೂ ನೋಡಲಿಲ್ಲ. ಅವರು ಟವಲಿನಿಂದ ಮುಖ ಒರೆಸಿಕೊಂಡು, "ತೆಪ್ಪು ನಂದೇ ಕಣವ್ವ" ಎಂದರು. ಆಗ ನನಗೇ ನಾಚಿಕೆಯಾಯಿತು.

ಮಾರನೆಯ ದಿನ ನಾನು ಬಸ್ಸಿನಲ್ಲೇ ಕೆಲಸಕ್ಕೆ ಹೋದೆ. ಮಧ್ಯಾಹ್ನ ಲ್ಯಾಬಿಗೆ ಮಾವನ ಫೋನು. "ಅವ್ವಾ, ಅವ್ನು ಗಾಡಿ ತಕ್ಕಂಡು ಓಗವ್ನೆ. ನಾನು ಸ್ನಾನಕ್ಕೋಗಿದ್ದೆ." ಷರತ್ತಿನ ಪ್ರಕಾರ ನಾನು ಫೇಲಾಗಿದ್ದೆನಲ್ಲ. ಇವರಿಗೆ ಫೋನ್ ಮಾಡಲು ಹೋದೆ, ಕೈ ತಡೆಯಿತು. ಓಡಿಸುತ್ತಿರುವಾಗ ಫೋನ್ ಎತ್ತಿಬಿಟ್ಟರೆ? ಮಾಡದಿದ್ದರೆ ಎಲ್ಲಿದ್ದಾರೆ ಎಂದು ತಿಳಿಯುವುದು ಹೇಗೆ? ಆ ಎರಡು ಗಂಟೆ ನಾನು ಯಾರ ರಕ್ತ ತೆಗೆದೆನೋ ದೇವರಿಗೇ ಗೊತ್ತು. ಆಂಬುಲೆನ್ಸ್ ಬಂದ ಸದ್ದಾದಾಗಲೆಲ್ಲ ಕಿಟಕಿಗೆ ಓಡಿ ಸ್ಟ್ರೆಚರ್ ಮೇಲಿನ ಅಂಗಿಯ ಬಣ್ಣ ನೋಡಿ ಬರುತ್ತಿದ್ದೆ.

ಮೂರೂವರೆಗೆ ಗೇಟಿನಲ್ಲಿ ನಮ್ಮ ಕಾರು ಬಂತು. ಇವರು ಇಳಿದು, ಏನೋ ಗೆದ್ದು ಬಂದವರಂತೆ ಹಲ್ಲು ಬಿಟ್ಟರು. "ನೋಡ್ದಾ? ಏನಾಯ್ತು? ಏನೂ ಆಗ್ನಿಲ್ಲ." ನನಗೆ ಬಂದ ಸಿಟ್ಟಿಗೆ ಹೊಡೆದೇ ಬಿಡುತ್ತಿದ್ದೆ, ಆದರೆ ಬದುಕಿ ಬಂದರಲ್ಲ ಎಂದು ಮೆಟ್ಟಿಲ ಮೇಲೆ ಕೂತೆ. ಆಮೇಲೆ ಎದ್ದು ಕೀ ಕಿತ್ತುಕೊಂಡೆ. ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ ಹತ್ತಿದೆವು. ಮಾರನೆಯ ದಿನ ಮಾವ ಹೋಗಿ ಕಾರು ತಂದರು, ದಾರಿಯಲ್ಲಿ ಸಿಕ್ಕ ಪ್ರತಿ ಬಸ್ ಸ್ಟಾಪಿನಲ್ಲೂ ನಿಧಾನ ಮಾಡಿಕೊಂಡು.

ಆ ವಾರ ಮಾವ ಪಟ್ಟ ಪಾಡು ನೋಡಬೇಕಿತ್ತು. ಬಾಯಿಗೆ ಬಂದ ರೈಟನ್ನು ನುಂಗಿಕೊಂಡು "ಬಲಕ್ಕೆ", "ಎಡಕ್ಕೆ", "ಒಂಟೋಗು" ಎನ್ನುವರು. ಅಷ್ಟು ವರ್ಷದ ಅಭ್ಯಾಸ, ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಮಾವ ನನಗಾಗಿ ಸುಡಲು ಹೊರಟಿದ್ದರು. ಎರಡನೇ ಸಲ ಅದೇ ಇನ್ಸ್‌ಪೆಕ್ಟರು. ನನ್ನನ್ನು ನೋಡಿದ್ದೇ, ಸೀಟ್ ಬೆಲ್ಟ್ ಬಿಗಿ ಮಾಡಿಕೊಂಡು, "ಬಲಗಡೆಗೆ ತಿರುಗಿಸಿ ತಾಯಿ" ಎಂದರು. ತಿರುಗಿಸಿದೆ. ಪಾಸು.

ಲೈಸೆನ್ಸ್ ಮನೆಗೆ ಬಂದ ದಿನ ಇವರು ಅಭಿನಂದನೆ ಹೇಳಲಿಲ್ಲ. ಎಡಗಡೆ ಸೀಟಿಗೆ ಬಂದು ಕೂತರು, ಮುಖ ಊದಿಸಿಕೊಂಡು. ಅಲ್ಲಿ ಕೂತವರು ಸುಮ್ಮನಿದ್ದರೆ ತಾನೆ? ಗೇರ್ ಬದಲಾಯಿಸು, ಹಾರ್ನ್ ಮಾಡು, ಎತ್ತಿನಗಾಡಿಯೂ ನಮ್ಮನ್ನ ದಾಟಿಹೋಯ್ತು ಎಂದು ಒಂದೇ ಸಮ ವಟವಟ. ನಾನು ಇದ್ದಷ್ಟೇ ಸ್ಪೀಡಿನಲ್ಲಿ ಹೋಗುತ್ತಿದ್ದೆ. ಬೈಸಿಕೊಂಡು ಓಡಿಸುವುದೂ ಒಂದು ಸುಖ ಎಂದು ಆಗಲೇ ಗೊತ್ತಾದದ್ದು. ಪಕ್ಕದಲ್ಲಿ ಬೈಯುತ್ತಿದ್ದಾರೆ ಅಂದರೆ ಪಕ್ಕದಲ್ಲೇ ಇದ್ದಾರೆ ಅಂತ ತಾನೆ.

ಸುಗ್ಗಿ ಬಂತು. ಒಂದು ಎರಡನೇ ಶನಿವಾರ, ನನಗೆ ರಜೆ, ಅಂಗಡಿಗಳಿಗೆ ಬೀಜ ಹಾಕಲು ಬದನವಾಳಿನ ಕಡೆ ಹೋಗಿದ್ದೆವು. ವಾಪಸು ಬರುವಾಗ ರಸ್ತೆಯ ಅರ್ಧಕ್ಕೆ ಹುರುಳಿ ಹರಡಿತ್ತು. ನಾಲ್ಕೈದು ಹೆಂಗಸರು ಅದರ ಮೇಲೇ ನಿಂತು ಕವೆಗೋಲಿನಿಂದ ತಿರುವಿ ಹಾಕುತ್ತಿದ್ದರು. ನಾನು ದೂರದಿಂದಲೇ ನಿಧಾನ ಮಾಡಿದೆ. ಇವರು, "ಇಷ್ಟು ದೂರಕ್ಕೇ ಬ್ರೇಕ್ ಹಾಕ್ತಾರೇನೇ, ನಾನಾಗಿದ್ರೆ ಇಷ್ಟೊತ್ತಿಗೆ" ಎಂದರು. ಮಾತು ಅಲ್ಲಿಗೇ ನಿಂತಿತು.

ತಿರುಗಿ ನೋಡಿದೆ. ಕತ್ತು ವಾಲಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಬಲಗಾಲು ಕೆಳಗೆ ದಡದಡ ಒದೆಯುತ್ತಿತ್ತು. ಕನ್ನಡಿ ನೋಡಿ ಎಡಕ್ಕೆ ಇಂಡಿಕೇಟರ್ ಹಾಕಿದೆ, ಮಣ್ಣಿಗೆ ಇಳಿಸಿದೆ, ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಬೆಲ್ಟ್ ಬಿಚ್ಚಿ, ಕಾಲರಿನ ಗುಂಡಿ ತೆಗೆದು, ಸೀಟನ್ನು ಹಿಂದಕ್ಕೆ ಬಾಗಿಸಿ, ಅವರನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡೆ. ಹೆಂಗಸರು ಕೆಲಸ ಬಿಟ್ಟು ಓಡಿ ಬಂದರು. ಅವರಲ್ಲಿ ವಯಸ್ಸಾದಾಕೆ ಕೂಗಿದಳು:

"ಕೀ ಕೊಡವ್ವ ಕೈಗೆ! ಕಬ್ಣ ಇಡ್ಕಂಡ್ರೆ ನಿಲ್ತದೆ, ಗಾಡಿ ಕೀ ಕೊಡು!"

"ಕೀ ಒಂದು ಬಿಟ್ಟು ಇನ್ನೇನ್ ಬೇಕಾದ್ರೂ ಕೇಳಿ ಅಜ್ಜಿ" ಎಂದೆ. ಅಂಥ ಹೊತ್ತಿನಲ್ಲೂ ನನಗೆ ನಗು ಬಂದಿತ್ತು, ಕಣ್ಣಲ್ಲಿ ನೀರೂ ಇತ್ತು. ಕಬ್ಬಿಣದಿಂದ ಏನೂ ಆಗುವುದಿಲ್ಲ, ತಾನಾಗಿಯೇ ನಿಲ್ಲುತ್ತದೆ, ಬಾಯಿಗೆ ನೀರೂ ಹಾಕಬೇಡಿ ಎಂದು ಹೇಳಿದೆ. ಆಕೆ ಕೇಳಲಿಲ್ಲ, ತನ್ನ ಸೊಂಟದಲ್ಲಿದ್ದ ಮನೆಯ ಬೀಗದ ಕೈಯನ್ನೇ ಅವರ ಅಂಗೈಗೆ ಒತ್ತಿದಳು. ಇರಲಿ ಬಿಡು ಎಂದುಕೊಂಡೆ. ಒಂದೆರಡು ನಿಮಿಷದಲ್ಲಿ ನಿಂತಿತು.

ಅವರಿಗೆ ಪೂರ್ತಿ ತಿಳಿವಳಿಕೆ ಬರಲು ಇನ್ನಷ್ಟು ಹೊತ್ತು ಹಿಡಿಯಿತು. ಕಣ್ಣು ಬಿಟ್ಟವರು ಮೊದಲು ಗಾಜಿನಾಚೆ ಹುರುಳಿಯನ್ನು ನೋಡಿದರು, ಸುತ್ತ ನೆರೆದಿದ್ದ ಹೆಂಗಸರನ್ನು ನೋಡಿದರು. ಮುಖ ಬಿಳಚಿಕೊಂಡಿತು. ಕೈ ಚಾಚಿ ತಮ್ಮ ಮುಂದೆ ಸ್ಟೇರಿಂಗ್ ತಡಕಾಡಿದರು. ಅದು ಅಲ್ಲಿರಲಿಲ್ಲ.

"ಯಾರ್ಗೆ ಗುದ್ಬುಟ್ಟೆ ನಾನು?" ಎಂದರು.

"ಯಾರಿಗೂ ಇಲ್ಲ ಕಣ್ರೀ. ನೀವಲ್ಲ, ನಾನು ಓಡಿಸ್ತಿದ್ದದ್ದು."

ಅವರಿಗೆ ನಂಬಿಕೆ ಬರಲಿಲ್ಲ. ನನ್ನ ಮುಂದಿದ್ದ ಸ್ಟೇರಿಂಗನ್ನು ನೋಡಿದರು. ಆಮೇಲೆ ಹೊರಗೆ ನಿಂತಿದ್ದ ಹೆಂಗಸರನ್ನು ಬೆರಳು ಮಡಚಿ ಒಬ್ಬೊಬ್ಬರನ್ನಾಗಿ ಎಣಿಸಿದರು. ಐದು ಜನ ಇದ್ದರು. ಎಲ್ಲರೂ ಕಾಲ ಮೇಲೆ ನಿಂತಿದ್ದರು.

"ಸದ್ಯ" ಎಂದು ಸೀಟಿಗೆ ಒರಗಿ, ಮಗುವಿನ ಹಾಗೆ ಅತ್ತುಬಿಟ್ಟರು.