ಸೀಮಂತಕ್ಕೆ ಹೋದ ಥೈರಾಯ್ಡ್ ಗುಂಪು

ಕಳೆದ ಭಾನುವಾರ ನಾವೊಂದಷ್ಟು ಜನ ಕರೆಯದ ಸೀಮಂತಕ್ಕೆ ಹೋಗಿ, ಒಬ್ಬಟ್ಟಿನ ಊಟ ಹೊಡೆದು ಬಂದೆವು. ನಾಚಿಕೆಯಾಗಲಿಲ್ಲವೇ ಅಂತ ಕೇಳಬೇಡಿ. ಅದು ಚಿಕಿತ್ಸೆಯ ಭಾಗ!

ನನಗೆ ಥೈರಾಯ್ಡ್ ಇರುವುದು ನಿಮಗೆ ಗೊತ್ತೇ ಇದೆ. ಬೆಳಗ್ಗೆ ಬರಿಹೊಟ್ಟೆಗೆ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. (ಆ ಒಂದು ಗಂಟೆ ನಮ್ಮ ಮನೆಯವರು ನನ್ನ ಹತ್ತಿರ ಸುಳಿಯುವುದಿಲ್ಲ.) ಹಾರ್ಮೋನಿಗೇನೋ ಮಾತ್ರೆ ಇದೆ. ಜೊತೆಗೆ ಬರುವ ಮಂಕು, ಬೇಸರಕ್ಕೆ? ಅದಕ್ಕೇ ರಾಮನಗರದ ನಮ್ಮ ಡಾಕ್ಟರು ಗ್ರೂಪ್ ಥೆರಪಿ ಶುರು ಮಾಡಿಸಿದ್ದಾರೆ. ಬೆಂಗಳೂರಿನಿಂದ ಕೌನ್ಸೆಲರ್ ಮೇಡಂ ಬರುತ್ತಾರೆ. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುತ್ತೇವೆ.

ಯಾರಾದರೂ ಅತ್ತರೆ "ಹೋಗ್ಲಿ ಬುಡವ್ವ" ಅನ್ನುವುದು ನಮ್ಮ ಕಡೆಯ ರೂಢಿ. ಮೇಡಂ ಅದಕ್ಕೆ ಬಿಡುವುದಿಲ್ಲ. "ಸಮಾಧಾನ ಆಮೇಲೆ. ಮೊದಲು ಆ ಯೋಚನೆ ನಿಜಾನಾ ಅಂತ ಪರೀಕ್ಷೆ ಮಾಡೋಣ" ಅನ್ನುತ್ತಾರೆ. ನನಗೆ ಕುತೂಹಲ ಹತ್ತಿತು. ರಕ್ತ ಪರೀಕ್ಷೆ ಸರಿ, ಯೋಚನೆಯನ್ನು ಪರೀಕ್ಷೆ ಮಾಡುವುದು ಹೇಗೆ?

ಗುಂಪಿನಲ್ಲಿ ಭಾಗ್ಯ ಅಂತ ಒಬ್ಬಳಿದ್ದಾಳೆ. ಕೂಟಗಲ್ ಕಡೆಯವಳು. ಹೆದ್ದಾರಿ ಪಕ್ಕ ಹೊಸದಾಗಿ ಎದ್ದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮದುವೆಯಾಗಿ ಎಷ್ಟೋ ವರ್ಷ, ಮಕ್ಕಳಿಲ್ಲ. ಚನ್ನಪಟ್ಟಣದಲ್ಲಿರುವ ಓರಗಿತ್ತಿ ಈಗ ಬಸುರಿ.

"ಸೀಮಂತಕ್ಕೆ ನಾ ಹೋಗಕಿಲ್ಲ ಮೇಡಂ. ಮಕ್ಕಳಿಲ್ಲದೋಳು ಮಡಿಲು ತುಂಬಕ್ಕೆ ಬಂದ್ರೆ ಎಲ್ರೂ ಮುಖ ಸಿಂಡರಿಸ್ಕತಾರೆ."

"ಎಲ್ಲರೂ? ಕೇಳಿದ್ದೀರಾ? ಒಬ್ಬರೇ ಹೋಗಿ. ಮಡಿಲಕ್ಕಿ ತಟ್ಟೆ ಎತ್ತಿ. ಏನಾಗುತ್ತೆ ನೋಡ್ಕೊಂಡು ಬನ್ನಿ" ಅಂದರು ಮೇಡಂ.

ಒಬ್ಬರೇ! ನಮ್ಮ ಕಡೆ ಹಸು ಕೊಳ್ಳುವುದಕ್ಕೂ ನಾಲ್ಕು ಜನ ಬೇಕು. ಮೇಡಂ ಅತ್ತ ಹೋದದ್ದೇ ತಡ, ನಿವೃತ್ತ ಮೇಷ್ಟ್ರು ಶಿವನಂಜಪ್ಪ ಎದ್ದರು. (ಥೈರಾಯ್ಡ್ ಗಂಡಸರಿಗೂ ಬರುತ್ತದೆ ಸ್ವಾಮಿ.) "ಹೆಣ್ಣುಮಗೀನ ಒಂಟಿಯಾಗಿ ಕಳ್ಸದಾ? ನಡೀರವ್ವ, ನಾವೂ ಹೋಗವ. ಊಟಾನೂ ಆಯ್ತದೆ."

ಹೋದೆವು. ಶಾಮಿಯಾನದ ಹಿಂದಿನ ಸಾಲಿನಲ್ಲಿ ಕೂತೆವು. ಹೆಣ್ಣಿನ ಕಡೆಯವರು ನಮ್ಮನ್ನು ಗಂಡಿನ ಕಡೆಯವರು ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಅಂದುಕೊಂಡರು. ಮುತ್ತೈದೆಯರು ಒಬ್ಬೊಬ್ಬರಾಗಿ ಮಡಿಲು ತುಂಬುತ್ತಿದ್ದರು. ಭಾಗ್ಯ ಎದ್ದಳು, ತಟ್ಟೆ ಎತ್ತಿದಳು.

"ಅಮ್ಮಿ, ನೀನ್ಯಾಕವ್ವ ಇಲ್ಲಿ? ಅಡಿಗೆ ಕಡೆ ನೋಡೋಗು" ಅಂದರು ಅವಳ ಗಂಡನ ಸೋದರತ್ತೆ.

ಭಾಗ್ಯ ಅಂದುಕೊಂಡಿದ್ದೇ ನಿಜವಾಯಿತಲ್ಲ! ನನಗೆ ಸಿಟ್ಟು ನೆತ್ತಿಗೇರಿತು. ಮೇಡಂ ಮೇಲೂ. ಯೋಚನೆ ನಿಜವಾಗಿಬಿಟ್ಟರೆ ಏನು ಮಾಡಬೇಕು ಅಂತ ಅವರು ಹೇಳಿಕೊಟ್ಟೇ ಇರಲಿಲ್ಲ.

ಭಾಗ್ಯ ತಿರುಗಿ ನಮ್ಮ ಕಡೆ ನೋಡಿದಳು. ನಾವೆಲ್ಲ "ಹಾಕು" ಅಂತ ಕತ್ತು ಆಡಿಸಿದೆವು. ಅವಳು ತಟ್ಟೆ ಇಳಿಸಲಿಲ್ಲ. ಅಷ್ಟರಲ್ಲಿ ಬಸುರಿ ತಾನಾಗಿಯೇ ಸೆರಗೊಡ್ಡಿದಳು.

"ಹಾಕಕ್ಕ. ನಿಂಗೆ ನನ್ ಮ್ಯಾಲೆ ಹೊಟ್ಟೆಕಿಚ್ಚು, ಬರಕಿಲ್ಲ ಅನ್ಕಂಡಿದ್ದೆ. ಬೆಳಗ್ಗಿಂದ ದಾರಿ ನೋಡ್ತಾ ಇವ್ನಿ."

ನೋಡಿ, ಇವಳಿಗೂ ಒಂದು ಯೋಚನೆ! ಇವಳಿಗೆ ಥೈರಾಯ್ಡೂ ಇಲ್ಲ, ಗುಂಪೂ ಇಲ್ಲ. ಭಾಗ್ಯ ಅಳುತ್ತಲೇ ಅಕ್ಕಿ ಹಾಕಿದಳು. ಮಿಕ್ಕ ಹೆಂಗಸರಲ್ಲಿ ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬರು ಅರಿಶಿನ ಕುಂಕುಮದ ಬಟ್ಟಲನ್ನೂ ಅವಳ ಕೈಗಿತ್ತರು. ಮೇಷ್ಟ್ರು ಟವೆಲಿನಲ್ಲಿ ಕಣ್ಣೊರೆಸಿಕೊಂಡು, ಸೆಖೆ ಅಂದರು.

ಮುಂದಿನ ಸಲ ಮೇಡಂ ನಮಗೆಲ್ಲ ಚೆನ್ನಾಗಿ ಬೈದರು. ಆಮೇಲೆ ನಕ್ಕರು. "ಯೋಚನೆ ಸುಳ್ಳಾಯ್ತಾ ಭಾಗ್ಯ?"

"ಪೂರ್ತಿ ಸುಳ್ಳಲ್ಲ ಮೇಡಂ. ಎಲ್ರೂ ಅನ್ಕಂಡಿದ್ದೆ. ಒಬ್ರೇ."

ಆ ದಿನ ನಮ್ಮ ದುಂಡಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ನನ್ನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಸೋದರತ್ತೆಯ ಹಾರ್ಮೋನೆಲ್ಲ ಸರಿಯಾಗಿಯೇ ಇರಬಹುದು, ಆದರೆ ಆ ಖಾಲಿ ಕುರ್ಚಿಯಲ್ಲಿ ಮೊದಲು ಬಂದು ಕೂರಬೇಕಾದವರು ಯಾರು, ನೀವೇ ಹೇಳಿ?