ಐದು ಟಿಕಳಿ, ಒಂದು ಗುಟುಕು ನೀರು

ಸೋಲಾಪುರದ ದವಾಖಾನಿಯಿಂದ ಮರಾಠಿಯೊಳಗ ಒಂದು ಪತ್ರ ಬಂತು. ನಮ್ಮ ಮನಿಯವರು ಚಾಳೀಸು ಏರಿಸಿ ಓದಿದ್ರು. "ಯಾವುದರ ಮ್ಯಾಲ ಸಂಶೋಧನ ಮಾಡಬೇಕು ಅಂತ ಪೇಶಂಟರನ್ನ, ಅಲ್ಲಿ ಕೆಲಸ ಮಾಡೋರನ್ನ ಕೇಳಿ ಠರಾಸ್ತಾರಂತ. ನಿನ್ನ ಕರದಾರ" ಅಂದ್ರು. ಸ್ವಲ್ಪ ತಡದು, "ಜಗಳಾಡೋರ ಯಾದಿ ತಗದಿರಬೇಕು, ನಿಂದ ಮೊದಲನೇ ಹೆಸರು" ಅಂತ ಸೇರಿಸಿದ್ರು.

ಅವರ ಮಾತು ಪೂರಾ ಸುಳ್ಳಲ್ಲ. ಅಕ್ಕಲಕೋಟಿಯ ಕನ್ನಡ ಸಾಲಿಯೊಳಗ ಮೂವತ್ತು ವರ್ಷ ಕಲಿಸಿದ ಬಾಯಾರು ನಾನು, ದನಿ ಸಣ್ಣದು ಮಾಡೋದು ನನಗ ಬರೂದಿಲ್ಲ. ಎರಡು ವರ್ಷದ ಹಿಂದ ಅದ ದವಾಖಾನಿಯೊಳಗ ನನ್ನ ಪಿತ್ತಕೋಶದ ಆಪರೇಶನ್ ಆಗಿತ್ತು. ಹಿಂದಿನ ದಿನ ಊಟ ಆದಮ್ಯಾಲ ಹನಿ ನೀರು ಸೈತ ಬ್ಯಾಡ ಅಂದಿದ್ರು. ಮುಂಜಾನೆ ಒಂಬತ್ತಕ್ಕ ಒಯ್ತೀವಿ ಅಂದವರು ಮಧ್ಯಾಹ್ನ ಎರಡೂವರಿ ಆದ್ರೂ ಬರಲಿಲ್ಲ. ನನಗಿಂತ ಅರ್ಜಂಟ್ ಯಾರೋ ಬಂದಿದ್ರಂತ. ನಾಲಿಗಿ ಅಂಗುಳಕ್ಕ ಅಂಟಿತ್ತು. ವಾರ್ಡಿನ ಮಾವಶಿ, ಅಂದ್ರ ಕಸ ಬಳಿದು, ಪೇಶಂಟರನ್ನ ಎಬ್ಬಿಸಿ ಕೂಡಿಸೋ ಹೆಣ್ಣುಮಗಳು, ಅಕಿಗೆ ಒಂದು ಗುಟುಕು ನೀರು ಕೇಳಿದೆ. ಇಲ್ಲ ಅಂದ್ಲು. ಮತ್ತ ಕೇಳಿದೆ. ತಂಬಗಿ ಎತ್ತಿ ಕಿಡಕಿ ಮ್ಯಾಲ, ನನ್ನ ಕೈಗೆ ಸಿಗಧಂಗ ಇಟ್ಲು. ಆವಾಗ ನಾ ಅಕಿಗೆ ಏನೇನು ಅಂದೆ ಅನ್ನೋದು ಇಲ್ಲಿ ಬರಿಯೂದಿಲ್ಲ. ನನ್ನ ಹತ್ರ ಕಲ್ತ ಹುಡುಗರು ಓದಿದ್ರ ಕಷ್ಟ.

ಈಗ ದೀಪಾವಳಿ ಆದಮ್ಯಾಲ ಮನಿಯವರ ಹರ್ನಿಯಾ ಆಪರೇಶನ್ ಅದ ದವಾಖಾನಿಯೊಳಗ ಠರಾಸ್ಯಾದ. ಅವರಿಗೆ ಶುಗರ್ ಅದ. ಊಟ ಒಂದು ತಾಸು ತಡ ಆದ್ರ ಕೈ ನಡುಗ್ತಾವ, ಬಾಯಿ ಒಣಗ್ತದ. ಅದಕ್ಕ ನಾ ಒಂದ ಪ್ರಶ್ನಿ ಗಂಟು ಕಟಗೊಂಡು ಸೋಲಾಪುರದ ಬಸ್ಸು ಹತ್ತಿದೆ. ಆಪರೇಶನ್ನಿನ ಮೊದಲ ಮನಶ್ಯಾ ನೀರಿಲ್ದ ಖರೇನ ಎಷ್ಟು ತಾಸು ಇರಬೇಕು?

ದವಾಖಾನಿಯ ಹಾಲಿನೊಳಗ ಇಪ್ಪತ್ತು ಮಂದಿ ಇದ್ವಿ. ಮಂದ್ರೂಪದ ಕಬ್ಬಿನ ಹೊಲದ ಮುದುಕರು, ಚಿಂಚೋಳಿ ಎಂಐಡಿಸಿಯ ಕಾರಖಾನಿಯೊಳಗ ಮಶೀನಿಗೆ ಕೈ ಸಿಗಿಸಿಕೊಂಡು ಹೊಲಿಸಿಕೊಂಡ ಕಾಮಗಾರ, ನರ್ಸುಗಳು, ಮತ್ತ ಮೂಲ್ಯಾಗ, ನೋಡ್ರಿ ದೈವ, ಅದ ಮಾವಶಿ. ಅಕಿ ನನ್ನ ನೋಡಿದ್ಲು, ನಾ ಅಕಿನ್ನ ನೋಡಿದೆ. ಇಬ್ರೂ ಫ್ಯಾನು ನೋಡಿದ್ವಿ.

ಎಲ್ಲಾರ ಪ್ರಶ್ನಿ ಒಂದೊಂದು ದೊಡ್ಡ ಹಾಳಿ ಮ್ಯಾಲ ಬರದು ಗ್ವಾಡಿಗೆ ಹಚ್ಚಿದ್ರು. ಪಸಂದ ಬಂದ ಪ್ರಶ್ನಿಗೆ ಗುರುತು ಅಂಟಿಸಬೇಕು, ಒಬ್ಬೊಬ್ರಿಗೆ ಐದು. ಸಭಾ ನಡಸೋ ಹುಡುಗಿ ಅಂಟಿಸೋ ಆ ಗುರುತುಗಳನ್ನ ಮರತು ಬಂದಿದ್ಲು. ಎದುರಿನ ಅಂಗಡಿಗೆ ಓಡಿ ಹಣಿಗೆ ಹಚ್ಚೋ ಕೆಂಪು ಟಿಕಳಿ ಪಾಕೀಟು ತಂದ್ಲು. ಮಂದ್ರೂಪದ ಮುದುಕರು ಐದು ಟಿಕಳಿ ಐದು ಬೆರಳಿಗೆ ಹಚಗೊಂಡು, "ನಮ್ಮ ಮುದುಕಿ ನೋಡಿದ್ರ ಮನಿಯೊಳಗ ತಗೊಳಂಗಿಲ್ಲ" ಅಂದ್ರು.

ಇಲ್ಲಿತನಕ ಎಲ್ಲಾ ಛಲೋ ಇತ್ತು. ಆದ್ರ ದೊಡ್ಡ ಡಾಕ್ಟರು ತಮ್ಮ ಹಾಳಿ ಬಾಜೂಕ ನಿಂತಿದ್ರು. ಹೊಟ್ಟಿ ಹೊಲಿಲಿಕ್ಕೆ ಯಾವ ದಾರ ಛಲೋ ಅನ್ನೋದು ಅವರ ಪ್ರಶ್ನಿ. ಪಾಪ, ಬಂದವರಿಗೆಲ್ಲಾ ಕೈ ಮುಗದು ಮಾತಾಡಿಸ್ತಿದ್ರು, ಅಷ್ಟ. "ಬಾಯಾರ, ಹೊಟ್ಟಿ ಹೆಂಗದರಿ ಈಗ?" ಅಂದ್ರು ನನಗ. ನನ್ನ ಹೊಟ್ಟಿ ಹೊಲಿದ ಕೈ ಅದು. ಅವರ ಮಾರಿ ಮುಂದ ಬ್ಯಾರೆ ಹಾಳಿಗೆ ಹೆಂಗ ಹಚ್ಚಲಿ? ಐದೂ ಟಿಕಳಿ ದಾರಕ್ಕ ಹಚ್ಚಿ, "ಆರಾಮ ಅದರಿ ಸಾಹೇಬ್ರ" ಅಂದು ಬಂದು ಕೂತೆ. ಕಾಮಗಾರನೂ ಅಲ್ಲೇ ಹಚ್ಚಿದ, ಮುದುಕರೂ ಅಲ್ಲೇ. ನರ್ಸುಗಳ ಡ್ಯೂಟಿ ಅವರ ಕೈಯಾಗ, ಕೇಳೋದ ಬ್ಯಾಡ. ದಾರದ ಹಾಳಿ ಕೆಂಪಗ ಆತು. ನನ್ನ ನೀರಿನ ಹಾಳಿ ಕೋರಾ ಉಳೀತು. ಜಗಳಾಡಲಿಕ್ಕೆ ಟಿಕೇಟು ತಗೊಂಡು ಬಂದವಳು ನಾನು, ಮರ್ಯಾದಿ ಮಾಡಿ ಕೂತಿದ್ದೆ. ನನ್ನ ಮ್ಯಾಲ ನನಗ ಹೇಸಿಗಿ ಬಂತು.

ಹುಡುಗಿ ಇನ್ನೇನು ಸಭಾ ಮುಗಿಸಬೇಕು, ಮಾವಶಿ ಎದ್ಲು. ಅಕಿನೂ ಐದು ದಾರಕ್ಕ ಕೊಟ್ಟು ಕೈ ಖಾಲಿ ಮಾಡಕೊಂಡಿದ್ಲು. ಹಣಿ ಮ್ಯಾಲಿನ ಟಿಕಳಿ ಕಿತ್ತು ನೀರಿನ ಹಾಳಿಗೆ ಒತ್ತಿದ್ಲು.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ" ಅಂದ್ಲು. "ನೀರಿಲ್ಲ ಅನ್ನಾಕಿ ನಾ. ಬೈಸಿಕೊಳ್ಳಾಕಿನೂ ನಾ. ಯಾರ ನಂಬರ್ ಎಷ್ಟೊತ್ತಿಗೆ, ಯಾರದು ಮುಂದ ಹೋತು ಅಂತ ನನಗ್ಯಾರೂ ಹೇಳಂಗಿಲ್ಲ. ಕೊಟ್ಟು ತಪ್ಪಾದ್ರ ನೌಕರಿ ಹೋಗತೈತಿ. ಅದಕ್ಕ ಎಲ್ಲಾರಿಗೂ ಇಲ್ಲ ಅಂತೀನಿ." ನನ್ನ ಕಡೆ ನೋಡಲಿಲ್ಲ. ನೋಡಿದ್ರ ಛಲೋ ಇತ್ತು.

ಆವಾಗ ನನ್ನ ಮೂವತ್ತು ವರ್ಷದ ನೌಕರಿ ಉಪಯೋಗಕ್ಕ ಬಂತು. ವರ್ಗದಾಗ ಮಾನಿಟರ್ ಆರಿಸುವಾಗ ಅದಕ್ಕ ನಿಂತ ಹುಡುಗರನ್ನ ಹೊರಗ ಕಳಸ್ತಿದ್ದೆ. ಎದ್ದು ನಿಂತು, "ಸಾಹೇಬ್ರ, ನೀವು ಸ್ವಲ್ಪ ಹೊರಗ ನಿಂದರ್ರಿ. ನೀವಿದ್ರ ನಾವು ಖರೇ ಹೇಳೂದಿಲ್ಲ" ಅಂದೆ. ಡಾಕ್ಟರು ಕೆಂಪು ಹಾಳಿ ನೋಡಿದ್ರು, ನನ್ನ ನೋಡಿದ್ರು, ಸಣ್ಣ ಹುಡುಗನಂಗ ಹೊರಗ ಹೋಗಿ ಬಾಗಿಲಾ ಮುಂದ ಮಾಡಿದ್ರು.

ಹೊಸಾ ಪಾಕೀಟು ಇರಲಿಲ್ಲ. ದಾರದ ಹಾಳಿಯಿಂದ ಕಿತ್ತಿದ ಟಿಕಳಿ ಅಂಟಲಿಲ್ಲ, ಹಚ್ಚಿದ್ಹಂಗ ಉದುರಿದ್ವು. ಒಬ್ಬ ನರ್ಸು ತನ್ನ ಡಬ್ಬಿ ಬಿಚ್ಚಿ ಅನ್ನ ತಗದ್ಲು. ಒಂದೊಂದು ಟಿಕಳಿಗೆ ಒಂದೊಂದು ಅಗಳು ಅರದು ಹಚ್ಚಿದ್ವಿ. ಡಾಕ್ಟರನ್ನ ಒಳಗ ಕರದಾಗ ನೀರಿನ ಹಾಳಿ ತುಂಬಿ, ಅನ್ನ ಒಸರಿ, ಗ್ವಾಡಿ ಎಲ್ಲಾ ಅಂಟಂಟಾಗಿತ್ತು. ದಾರದ ಹಾಳಿ ಮ್ಯಾಲ ಒಂದ ಟಿಕಳಿ. ಅದು ನಂದ. ಹೊಟ್ಟಿ ಹೊಲಿದಾರಲ್ಲ, ಋಣ ಇರ್ತದ.

ಅವರು ನೀರಿನ ಹಾಳಿ ಹತ್ರ ಬಂದು ಪ್ರಶ್ನಿ ಓದಿದ್ರು. "ಎರಡು ತಾಸು ಮೊದಲಿನ ತನಕ ನೀರು ಕುಡೀಬಹುದು ಅಂತ ನಮ್ಮ ಪುಸ್ತಕದೊಳಗ ಬರದದ" ಅಂದ್ರು. "ವಾರ್ಡಿನೊಳಗ ಯಾಕ ನಡೀವಲ್ದು ಅಂತ ಹುಡುಕೋಣ. ಮಾವಶಿ, ನೀವೂ ನಮ್ಮ ಕೂಡ ಕೂಡ್ರಬೇಕಾಗ್ತದ." ಉತ್ತರ ಯಾವಾಗ ಸಿಗ್ತದ ಅಂತ ಕೇಳಿದೆ. ತಡ ಆಗ್ತದ, ವಚನ ಕೊಡೂದಿಲ್ಲ ಅಂದ್ರು. ದೀಪಾವಳಿ ಒಳಗ ಆಗೋ ಮಾತಲ್ಲ ಅಂತ ನನಗ ತಿಳೀತು.

ಹೊರಗ ಬರೋ ಮುಂದ ಮಾವಶಿ ಚಹಾದ ಕಪ್ಪು, ಬಶಿ ಒಟ್ಟು ಮಾಡ್ತಿದ್ಲು, ಹಣಿ ಬರಿದ ಇತ್ತು. ನನಗ ಕ್ಷಮಾ ಕೇಳಲಿಕ್ಕೆ ಬರೂದಿಲ್ಲ, ಕಲಿಸಲಿಕ್ಕೆ ಅಷ್ಟ ಬರ್ತದ. ನನ್ನ ಹಣಿ ಟಿಕಳಿ ತಗದು ಅಕಿ ಹಣಿಗೆ ಹಚ್ಚಿದೆ. "ಬಾಯಾರ, ನಿಮಗ?" ಅಂದ್ಲು. "ನನಗ ಮನಿಯೊಳಗ ಪಾಕೀಟ ಅದ" ಅಂದೆ.

ಮನಿ ಬಾಗಿಲಾ ತಗದ ನಮ್ಮವರು ನನ್ನ ಬರೀ ಹಣಿ ನೋಡಿ, "ಏ, ತಡಿಯ. ನಾ ಇನ್ನೂ ಇದ್ದೀನಿ. ಆಪರೇಶನ್ನಾದ್ರೂ ಆಗಲಿ" ಅಂದ್ರು.

ದಿನಾ ಮಾಡೋವಂಥಾದ ಚಾಷ್ಟಿ. ಆದ್ರ ಅವರ ಕೈ ಬಾಗಿಲಾ ಬಿಟ್ಟಿರಲಿಲ್ಲ, ನಡಗಾಕತ್ತಿತ್ತು, ಮತ್ತ ಅವರ ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಇಷ್ಟು ದಿನಾ ಅವರೂ ಅಂಜಿದ್ರು ಅಂತ ಆವಾಗ ನನಗ ಗೊತ್ತಾತು. ಚಪ್ಪಲ್ ಸೈತ ಬಿಡದ ಅಲ್ಲೇ ಹೊಸ್ತಿಲ ಮ್ಯಾಲ ಕೂತು ಅತ್ತೆ. ಅವರು ಒಳಗ ಹೋಗಿ ಒಂದು ಗ್ಲಾಸು ನೀರು ತಂದ್ರು. ನಾ ಅರ್ಧಾ ಕುಡದು, ಉಳದಿದ್ದು ಅವರಿಗೆ ಕೊಟ್ಟೆ.