ನಾಗಕ್ಕ ತೆಗೆಸಿದ ಮೂರನೇ ಕಾಲು

ನಾಗಕ್ಕನಷ್ಟು ತಲೆ ಇರುವ ಮನುಷ್ಯರನ್ನು ನಾನಂತೂ ನೋಡಿಲ್ಲ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಇದನ್ನ.

ಹಾರವಾಡದಿಂದ ಬೆಳಗಿನ ಬಸ್ಸಿಗೆ ಬಂದು ಅಂಕೋಲೆಯ ನಮ್ಮ ಕೇರಿಯಲ್ಲಿ ಮೀನು ಮಾರುತ್ತಿದ್ದವಳು ಅವಳು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ "ಕಲಾವತಕ್ಕಾ, ಕೈ ಕೊಡ್ರಾ!" ಎಂಬ ಕೂಗು ಕೇಳಿದರೆ ಎಂಟೂವರೆ ಆಯ್ತು ಅಂತಲೇ. ಅಮ್ಮ ಅಂಗಳಕ್ಕೆ ಓಡಿ, ಅವಳ ತಲೆಯ ಬುಟ್ಟಿ ಇಳಿಸಲು ಕೈ ಕೊಡುತ್ತಿದ್ದಳು. ತುಂಬಿದ ಬುಟ್ಟಿ ಒಬ್ಬರಿಂದ ಇಳಿಯುವಂಥದ್ದಲ್ಲ.

ಆಮೇಲಾಮೇಲೆ ಕೇರಿಯಲ್ಲಿ ಹಗಲು ಬೀಗ ಹಾಕಿದ ಮನೆಗಳೇ ಹೆಚ್ಚಾದವು. ಒಂದು ದಿನ ಕೈ ಕೊಡುವವರು ಸಿಗದೆ, ಹೊತ್ತ ಬುಟ್ಟಿ ಹೊತ್ತುಕೊಂಡೇ ಕೇರಿಯೆಲ್ಲ ತಿರುಗಿ, ಕುತ್ತಿಗೆ ಹಿಡಿದು ಹದಿನೈದು ದಿನ ಮಲಗಿಬಿಟ್ಟಳು. ಹೀಗೇ ಹೊತ್ತರೆ ಕತ್ತೆತ್ತಲಾರೆ ಎಂದರು ಡಾಕ್ಟರು. ಹೊರೆ ಬಿಟ್ಟರೆ ಕೇರಿಯನ್ನೂ ಬಿಡಬೇಕು. ಅದು ಅವಳಿಂದ ಆಗದ ಮಾತು.

ಎದ್ದವಳೇ ಅಂಕೋಲೆಯಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅಣ್ಣನ ಮಗ ಸಂದೇಶನ ಹತ್ತಿರ ಹೋದಳು. ಮಡಚಿದರೆ ಕೋಲು, ಬಿಡಿಸಿದರೆ ಹೆಗಲೆತ್ತರದ ಮೂರು ಕಾಲಿನ ಸ್ಟ್ಯಾಂಡು, ಅಂಥದ್ದೊಂದನ್ನು ಮಾಡಿಸಿದಳು. ಮಂಡಿ ಕೊಂಚ ಬಗ್ಗಿಸಿದರೆ ಬುಟ್ಟಿ ತಲೆಯಿಂದ ಅದರ ಮೇಲೆ ಸರಿದು ಕೂರುತ್ತಿತ್ತು.

"ಮೂರ್ ಕಾಲಿನ ಸೊಸೆ ತಂದೆ ಕಲಾವತಕ್ಕಾ. ಎದುರು ಮಾತಿಲ್ಲ, ತವರಿಗೆ ಹೋಗ್ತೆ ಹೇಳೂದಿಲ್ಲ!"

ಇನ್ನೂ ಆರು ಮಾಡಿಸಿ ಕಾರವಾರದ ಮೀನುಪೇಟೆಗೆ ಒಯ್ದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಕೊನೆಗೆ ಮನೆಮನೆಗೆ ಮೀನು ಹೊರುವ ದುರ್ಗಿ ಒಂದನ್ನು ಪರೀಕ್ಷೆಗೆಂದು ಇಟ್ಟುಕೊಂಡಳು. ಉಳಿದವರು ಅವಳ ಮಾತಿಗೆ ಕಾದರು.

ವಾರಕ್ಕೆ ಸರಿಯಾಗಿ ಅದು ವಾಪಸ್ಸು.

"ನಿನ್ ಸೊಸೆ ನೀನೇ ಇಟ್ಕ. ಇದ್ ಬಂದ್ಮೇಲೆ ಮೀನೇ ಹೋಗೂದಿಲ್ಲ."

"ನಿನ್ ಮೀನ್ ಹಳ್ಸಿರ್ಬೇಕು."

"ಹಳ್ಸಿದ್ದು ನಿನ್ ತಲೆ!"

ಮರುದಿನ ನಾನು ಮನೆಯಲ್ಲೇ ಇದ್ದೆ, ಕಾಲೇಜಿಗೆ ರಜೆ. ನಾಗಕ್ಕ ಅಂಗಳದಲ್ಲಿ ಸ್ಟ್ಯಾಂಡು ಬಿಡಿಸಿ ಬುಟ್ಟಿ ಕೂರಿಸಿ "ಬಂಗಡೆ ಬಂದದೆ!" ಎಂದಳು. ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ, "ಇವತ್ ಬೇಡ ನಾಗಿ" ಅಂದಳು. ಪಕ್ಕದ ಮನೆಯಲ್ಲೂ ಅದೇ ಉತ್ತರ. ನಾಗಕ್ಕ ಮತ್ತೆ ಬುಟ್ಟಿ ತಲೆಗೇರಿಸಿ, ಸ್ಟ್ಯಾಂಡು ಮಡಚಿ, ನಮ್ಮ ಗೇಟಿಗೆ ಬಂದು ಹಳೇ ಕೂಗು ಹಾಕಿದಳು.

"ಕಲಾವತಕ್ಕಾ, ಕೈ ಕೊಡ್ರಾ!"

ಅಮ್ಮ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಇಳಿಸಿದಳು. ಬುಟ್ಟಿಗೆ ಕೈ ಕೊಟ್ಟವರು ಬರಿಗೈಲಿ ಒಳಗೆ ಹೋಗುವುದುಂಟೆ? ಅವಳ ಬೋಣಿ ಕೆಡಿಸಿದ ಹಾಗೆ. ಎಂಟು ಬಂಗಡೆ ತಗೊಂಡಳು.

"ಎಲಾ, ದುರ್ಗಿ ಹೇಳಿದ್ದು ಖರೇ!" ನಾಗಕ್ಕ ಹಣೆ ಚಚ್ಚಿಕೊಂಡಳು. ಅಲ್ಲಿಂದ ಸೀದಾ ಸಂದೇಶನ ಅಂಗಡಿಗೆ. ನಾನೂ ಹಿಂದೆಯೇ.

"ಎಲ್ಲಾದ್ರದ್ದೂ ಒಂದೊಂದ್ ಕಾಲ್ ಕತ್ತರ್ಸು."

"ಅತ್ತೆ, ಬಿದ್ಹೋಗ್ತದೆ!"

"ಬೀಳ್ಲಿ ಹೇಳೇ ಕತ್ತರ್ಸೂದು. ಹಿಡ್ಕಣೂಕೆ ಒಬ್ರು ಬರ್ಬೇಕಲ್ಲ ಮಾರಾಯಾ."

ಭಾರವೆಲ್ಲ ಎರಡು ಕಾಲಿನ ಮೇಲೆ, ಬೀಳದಂತೆ ಹಿಡಿಯಲು ಮಾತ್ರ ಮನೆಯವರ ಕೈ. ಬೀಗ ಹಾಕಿದ ಮನೆ ಬಂದರೆ ಗೋಡೆಗೆ ಒರಗಿಸಿದರಾಯಿತು. "ಕುಂಟಿ ಸೊಸೆನೇ ಚೊಲೊ" ಎಂದು ದುರ್ಗಿಯೇ ಮೊದಲು ಕೊಂಡಳು. ಉಳಿದ ಐದೂ ಹೋದವು. ನಾಗಕ್ಕನ ಕುತ್ತಿಗೆ ಮತ್ತೆ ಹಿಡಿಯಲಿಲ್ಲ. ಇನ್ನೂ ಏಳು ವರ್ಷ ಕೇರಿಗೆ ಬಂದಳು. ಎಷ್ಟೋ ಸಲ ಸ್ಟ್ಯಾಂಡು ಹಿಡಿದು ನಿಂತವಳು ನಾನೇ. ಬುಟ್ಟಿಯ ನೀರು ಮೊಣಕೈಗೆ ಇಳಿಯುತ್ತಿತ್ತು, ಅವಳು ಹಾರವಾಡದ ಸುದ್ದಿಯೆಲ್ಲ ಹೇಳುತ್ತಿದ್ದಳು.

ಹೋದ ವರ್ಷ, ಇನ್ನು ಸಾಕು ಎಂದ ದಿನ, ಸ್ಟ್ಯಾಂಡನ್ನು ನಮ್ಮ ಗೋಡೆಗೇ ಒರಗಿಸಿ ಹೋದಳು.

ಈಗ ಮೀನು ಸ್ಕೂಟರಿನಲ್ಲಿ ಬರುತ್ತದೆ. ಹಾರ್ನ್ ಕೇಳಿದ ಕೂಡಲೇ ಅಮ್ಮ ಎರಡೂ ಕೈ ಒರೆಸಿಕೊಂಡು ಅಂಗಳಕ್ಕೆ ಓಡುತ್ತಾಳೆ. ಮೀನಿನವನು ಸೀಟಿನಿಂದ ಇಳಿಯುವುದೂ ಇಲ್ಲ.